ಸ್ಕ್ಯಾನಿಂಗ್ ಸೆಂಟರಿನ ಬೋರ್ಡು, ಗರ್ಭಪಾತದ ಕಾನೂನು, ಪಾಪದ ಭಯ: ಮೂರನ್ನೂ ಬಿಡಿಸಿ ನೋಡೋಣ

ತುಮಕೂರಾಗಲಿ, ಕೋಲಾರವಾಗಲಿ, ಚಿಂತಾಮಣಿಯಾಗಲಿ, ಯಾವ ಸ್ಕ್ಯಾನಿಂಗ್ ಸೆಂಟರಿಗೆ ಹೋದರೂ ಒಂದು ಬೋರ್ಡು ಎದುರಾಗುತ್ತದೆ. ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನು ಓದಿ ಗರ್ಭಪಾತವೇ ಅಪರಾಧ ಅಂದುಕೊಂಡವರು ತುಂಬಾ ಜನ ಇದ್ದಾರೆ. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1973ರಿಂದ ಅಲ್ಲಿದ್ದ ಗರ್ಭಪಾತದ ಹಕ್ಕನ್ನು ತೆಗೆದುಹಾಕಿತು. ಆ ಸುದ್ದಿ ಮೊಬೈಲಿನಲ್ಲಿ ಸುತ್ತಿ ಸುತ್ತಿ ಇಲ್ಲೂ ಬಂದ್ ಆಯಿತಂತೆ ಅನ್ನುವ ಮಾತಾಯಿತು. ಮುಂದಿನ ವರ್ಷದ ಕೊನೆಗೆ ಮಂಡ್ಯ, ಮೈಸೂರು ಕಡೆಯ ಲಿಂಗ ಪತ್ತೆ ಜಾಲ ಸಿಕ್ಕಿಬಿತ್ತು. ಟೀವಿಗಳಲ್ಲಿ ಹಗಲೂ ರಾತ್ರಿ ಅದೇ ಸುದ್ದಿ. ಗೊಂದಲ ಇನ್ನೂ ಜಾಸ್ತಿಯಾಯಿತು.

ಇಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿವೆ. ಲಿಂಗ ಪತ್ತೆಯ ಕಾನೂನು ಒಂದು. ಗರ್ಭಪಾತದ ಕಾನೂನು ಇನ್ನೊಂದು. ಪಾಪ ಪುಣ್ಯದ ನಂಬಿಕೆ ಮೂರನೆಯದು. ಪೊಲೀಸರಿಗೆ ಸಂಬಂಧಪಟ್ಟಿದ್ದು ಯಾವುದು, ಡಾಕ್ಟರಿಗೆ ಯಾವುದು, ಅವರವರ ಮನಸ್ಸಿಗೆ ಯಾವುದು ಅಂತ ಬಿಡಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಬೋರ್ಡಿನಲ್ಲಿರುವ ಕಾನೂನು

ಮೊದಲು ಸುಲಭದ್ದು. ಬೋರ್ಡಿನಲ್ಲಿ ಹೇಳಿರುವುದು 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಬಗ್ಗೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದು, ಹೇಳುವುದು, ಸನ್ನೆ ಮಾಡಿ ತಿಳಿಸುವುದು, ಹೇಳಿ ಎಂದು ಕೇಳಿಕೊಂಡು ಹೋಗುವುದು ಎಲ್ಲವೂ ಇದರಡಿ ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲಾಗಬಹುದು. ಹೆಣ್ಣು ಮಗು ಬೇಡ ಎಂದು ತೆಗೆಸುವುದನ್ನು ತಡೆಯಲು ಈ ಕಾಯ್ದೆ ಬಂತು. ಬೇರೆ ಕಾರಣಕ್ಕೆ ಗರ್ಭ ಮುಂದುವರಿಸಲು ಆಗದ ಹೆಂಗಸಿನ ಬಗ್ಗೆ ಇದು ಏನನ್ನೂ ಹೇಳುವುದಿಲ್ಲ. ಅದಕ್ಕೆ ಬೇರೆ ಕಾಯ್ದೆ ಇದೆ. ಅದು ಇದಕ್ಕಿಂತ 23 ವರ್ಷ ಹಳೆಯದು.

ಬೇಲಿ, ಬೇಲಿಗೊಂದು ತಡಿಕೆ

ನಮ್ಮ ದೇಶದಲ್ಲಿ ಗರ್ಭಪಾತ ಕಾನೂನುಬದ್ಧವೇ? ಹೌದು ಅಂದರೂ ಪೂರ್ತಿ ಸರಿಯಲ್ಲ, ಇಲ್ಲ ಅಂದರೆ ಖಂಡಿತ ತಪ್ಪು.

ಬ್ರಿಟಿಷರು 1860ರಲ್ಲಿ ಮಾಡಿದ ದಂಡ ಸಂಹಿತೆಯ 312ನೇ ಕಲಂ ಪ್ರಕಾರ ಗರ್ಭ ತೆಗೆಯುವುದು ಅಪರಾಧ. ತಾಯಿಯ ಪ್ರಾಣ ಉಳಿಸಲು ಮಾತ್ರ ವಿನಾಯಿತಿ. ತೆಗೆದವರಿಗೂ ಶಿಕ್ಷೆ, ತಾನೇ ತೆಗೆದುಕೊಂಡ ಹೆಂಗಸಿಗೂ ಶಿಕ್ಷೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 88ನೇ ಕಲಂನಲ್ಲೂ ಇದೇ ಮಾತು ಹಾಗೇ ಉಳಿದಿದೆ.

ಶಿಕ್ಷೆಯ ಭಯಕ್ಕೆ ಗರ್ಭಪಾತ ನಿಲ್ಲಲಿಲ್ಲ. ಕದ್ದುಮುಚ್ಚಿ ನಡೆಯಿತು. ಕಡ್ಡಿ ಹಾಕಿಸಿಕೊಂಡು, ನಾಟಿ ಔಷಧಿ ಕುಡಿದು ಹೆಂಗಸರು ಸಾಯುತ್ತಿದ್ದರು. 1964ರಲ್ಲಿ ಕೇಂದ್ರ ಸರ್ಕಾರ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. 1966ರಲ್ಲಿ ವರದಿ ಬಂತು. ಅದರ ಮೇಲೆ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ, ಅಂದರೆ ಎಲ್ಲರೂ ಕರೆಯುವ ಎಂಟಿಪಿ ಕಾಯ್ದೆ ಆಯಿತು. 1972ರ ಏಪ್ರಿಲ್‌ನಿಂದ ಜಾರಿಗೆ ಬಂತು.

ಈ ಕಾಯ್ದೆ ಹಳೆಯ ಕಲಂ ಅನ್ನು ಕಿತ್ತುಹಾಕಲಿಲ್ಲ. ತೋಟದ ಸುತ್ತ ಬೇಲಿ ಹಾಗೇ ಇದೆ, ಓಡಾಡಲು ಒಂದು ತಡಿಕೆ ಬಾಗಿಲು ಬಿಟ್ಟಿದ್ದಾರೆ, ಅದರ ಬೀಗದ ಕೈ ಡಾಕ್ಟರ ಹತ್ತಿರ ಇದೆ. ಎಂಟಿಪಿ ಕಾಯ್ದೆ ನಿಂತಿರುವುದು ಹೀಗೆ. ನೋಂದಾಯಿತ ವೈದ್ಯರು ಇಂತಿಂಥ ಕಾರಣಕ್ಕೆ, ಇಂತಿಷ್ಟು ವಾರದೊಳಗೆ, ಇಂಥ ಜಾಗದಲ್ಲಿ ಗರ್ಭಪಾತ ಮಾಡಿದರೆ ಅವರ ಮೇಲೆ ಕೇಸು ಇಲ್ಲ ಎಂದು ಕಾಯ್ದೆ ಹೇಳುತ್ತದೆ. ಹೆಂಗಸು ಕೇಳಿದ ಕೂಡಲೇ ಮಾಡಿಕೊಡಬೇಕು ಎಂದು ಎಲ್ಲೂ ಹೇಳುವುದಿಲ್ಲ. ಡಾಕ್ಟರುಗಳು ಯಾಕೆ ಅಷ್ಟು ಹಿಂದೆಮುಂದೆ ನೋಡುತ್ತಾರೆ, ಯಾಕೆ ಕಾನೂನು ಕೇಳದ ಕಾಗದಗಳನ್ನೆಲ್ಲ ಕೇಳುತ್ತಾರೆ ಎಂಬುದಕ್ಕೆ ಉತ್ತರ ಇಲ್ಲಿದೆ. ತಡಿಕೆಯಿಂದ ಒಂದು ಹೆಜ್ಜೆ ಆಚೀಚೆಯಾದರೂ ಬೇಲಿ ಚುಚ್ಚುವುದು ಅವರಿಗೇ.

ಕಾಯ್ದೆ ಒಪ್ಪುವ ಕಾರಣಗಳು ಇವು: ಗರ್ಭ ಮುಂದುವರಿದರೆ ತಾಯಿಯ ಪ್ರಾಣಕ್ಕೆ ಅಪಾಯ, ಅಥವಾ ಅವಳ ದೇಹಕ್ಕೋ ಮನಸ್ಸಿಗೋ ತೀವ್ರ ಹಾನಿ, ಅಥವಾ ಹುಟ್ಟುವ ಮಗುವಿಗೆ ಗಂಭೀರ ತೊಂದರೆ ಇರುವ ಸಾಧ್ಯತೆ. ಅತ್ಯಾಚಾರದಿಂದ ಆದ ಗರ್ಭವಾದರೆ ಮನಸ್ಸಿಗೆ ಹಾನಿ ಆಗಿದೆ ಎಂದು ಕಾನೂನೇ ಊಹಿಸುತ್ತದೆ. ಗರ್ಭನಿರೋಧಕ ಬಳಸಿಯೂ ಗರ್ಭ ನಿಂತರೆ 20 ವಾರದವರೆಗೆ ಅದೂ ಹಾಗೆಯೇ.

ಮೊದಲು ಈ ಕೊನೆಯ ಸಾಲಿನಲ್ಲಿ ‘ವಿವಾಹಿತ ಮಹಿಳೆ ಅಥವಾ ಅವಳ ಗಂಡ’ ಎಂದಿತ್ತು. 2021ರ ತಿದ್ದುಪಡಿಯಲ್ಲಿ ಅದು ‘ಯಾವುದೇ ಮಹಿಳೆ ಅಥವಾ ಅವಳ ಸಂಗಾತಿ’ ಆಯಿತು. ಮದುವೆ ಆಗದವರು ಡಾಕ್ಟರ ಮುಂದೆ ಸುಳ್ಳು ಹೇಳಬೇಕಾದ ಅಗತ್ಯ ಕಾನೂನಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ವಾಸ್ತವದಲ್ಲಿ ಎಷ್ಟು ಮುಗಿದಿದೆ ಎನ್ನುವುದು ಬೇರೆ ಮಾತು.

ವಾರದ ಲೆಕ್ಕ

ಎಷ್ಟು ವಾರ ಎನ್ನುವುದರ ಮೇಲೆ ಎಲ್ಲವೂ ನಿಂತಿರುವುದರಿಂದ ಎಣಿಸುವುದು ಹೇಗೆ ಅಂತ ತಿಳಿದಿರಬೇಕು. ಸೇರಿದ ದಿನದಿಂದ ಎಣಿಸುವುದಿಲ್ಲ. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಎಣಿಸುತ್ತಾರೆ. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ ಒಂದು ವಾರ ತಡವಾಯಿತು ಅಂದರೆ ಲೆಕ್ಕದಲ್ಲಿ ಆಗಲೇ ಐದು ವಾರ. ಇನ್ನೊಂದು ತಿಂಗಳು ನೋಡೋಣ ಎಂದು ಸುಮ್ನೆ ಕೂತರೆ ಒಂಬತ್ತು ದಾಟುತ್ತದೆ. ಒಂಬತ್ತು ವಾರ ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಈಗಿನ ಕಾಯ್ದೆಯಲ್ಲಿ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರು ಡಾಕ್ಟರು ಬೇಕು, ಮತ್ತು ಅದು ಎಲ್ಲರಿಗೂ ಇಲ್ಲ. ಅತ್ಯಾಚಾರಕ್ಕೆ ಒಳಗಾದವರು, 18 ತುಂಬದವರು, ಗರ್ಭಿಣಿಯಾಗಿರುವಾಗಲೇ ಗಂಡನನ್ನು ಕಳೆದುಕೊಂಡವರು ಅಥವಾ ವಿಚ್ಛೇದನ ಆದವರು, ಅಂಗವಿಕಲರು, ಮಾನಸಿಕ ಕಾಯಿಲೆ ಇರುವವರು, ಮಗುವಿಗೆ ಗಂಭೀರ ತೊಂದರೆ ಕಂಡವರು, ನೆರೆ ಅಥವಾ ಇನ್ಯಾವುದೋ ವಿಪತ್ತಿನಲ್ಲಿ ಸಿಕ್ಕಿಕೊಂಡವರು ಎಂದು ನಿಯಮಗಳಲ್ಲಿ ಪಟ್ಟಿ ಇದೆ. 24 ವಾರ ದಾಟಿದರೆ ಭ್ರೂಣದಲ್ಲಿ ದೊಡ್ಡ ದೋಷ ಇದ್ದಾಗ ಮಾತ್ರ ಅವಕಾಶ. ಅದನ್ನು ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಸ್ಕ್ಯಾನಿಂಗ್ ತಜ್ಞರು ಅದರಲ್ಲಿ ಇರಬೇಕು. ಅರ್ಜಿ ಬಂದ ಮೂರು ದಿನದೊಳಗೆ ಅವರು ಅಭಿಪ್ರಾಯ ಕೊಡಬೇಕು. ಇನ್ನು ತಾಯಿಯ ಪ್ರಾಣ ಹೋಗುವ ಹೊತ್ತು ಬಂದರೆ ಈ ಯಾವ ವಾರದ ಮಿತಿಯೂ ಅಡ್ಡ ಬರುವುದಿಲ್ಲ.

20 ಇದ್ದದ್ದನ್ನು 24 ಮಾಡಿದ್ದು ಯಾಕೆ? ಎಲ್ಲರೂ ‘ಐದನೇ ತಿಂಗಳ ಸ್ಕ್ಯಾನ್’ ಅನ್ನುತ್ತಾರಲ್ಲ, ಅದು 18ರಿಂದ 20 ವಾರದ ನಡುವೆ ಆಗುತ್ತದೆ. ಹೃದಯದಲ್ಲೋ ಮೆದುಳಿನಲ್ಲೋ ದೋಷ ಇದ್ದರೆ ಚೆನ್ನಾಗಿ ಕಾಣುವುದು ಆಗಲೇ. ವರದಿ ಕೈಗೆ ಬರುವ ಹೊತ್ತಿಗೆ ಕಾನೂನಿನ ಬಾಗಿಲು ಮುಚ್ಚಿರುತ್ತಿತ್ತು. 2008ರಲ್ಲಿ ಮುಂಬೈ ದಂಪತಿಯೊಂದು ಹೊಟ್ಟೆಯಲ್ಲಿರುವ ಮಗುವಿನ ಹೃದಯದ ತೊಂದರೆ ತಡವಾಗಿ ತಿಳಿದು ಹೈಕೋರ್ಟಿಗೆ ಹೋಯಿತು. ಅನುಮತಿ ಸಿಗಲಿಲ್ಲ. ಕಾಯ್ದೆ ಬದಲಾಗಬೇಕು ಎಂಬ ಒತ್ತಾಯ ದೊಡ್ಡದಾಗಿದ್ದು ಅಲ್ಲಿಂದ.

ಆ ಪಟ್ಟಿಯಲ್ಲಿ ಮದುವೆಯಾಗದ ಹೆಂಗಸಿನ ಹೆಸರೇ ಇರಲಿಲ್ಲ. 25 ವರ್ಷದ ಅವಿವಾಹಿತೆಯೊಬ್ಬರು ಸಂಬಂಧ ಮುರಿದ ಮೇಲೆ ಗರ್ಭ ತೆಗೆಸಲು ದೆಹಲಿ ಹೈಕೋರ್ಟಿಗೆ ಹೋದಾಗ ಇದೇ ಕಾರಣಕ್ಕೆ ಇಲ್ಲ ಅನಿಸಿಕೊಂಡರು. ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಮದುವೆ ಆಗಿದೆಯೋ ಇಲ್ಲವೋ ಎಂದು ಭೇದ ಮಾಡುವಂತಿಲ್ಲ ಎಂದಿತು. ಗಂಡನ ಬಲವಂತದಿಂದ ಆದ ಗರ್ಭವನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರದ ಗರ್ಭ ಎಂದೇ ನೋಡಬೇಕು ಎಂದಿತು. ಅಮೆರಿಕದಲ್ಲಿ ಹಕ್ಕು ಹೋದ ಮೂರೇ ತಿಂಗಳಿಗೆ ಇಲ್ಲಿ ಹಕ್ಕು ಅಗಲವಾಯಿತು. ಮೊಬೈಲಿನಲ್ಲಿ ಓಡಾಡಿದ್ದು ಮಾತ್ರ ಮೊದಲನೆಯದು.

ಯಾರ ಸಹಿ ಬೇಕು?

18 ತುಂಬಿದ ಹೆಂಗಸಾದರೆ ಅವಳ ಒಬ್ಬಳದೇ ಸಹಿ. ಫಾರಂ ಸಿ ಎಂಬ ಒಪ್ಪಿಗೆ ಪತ್ರದಲ್ಲಿ ಅವಳು ಸಹಿ ಹಾಕಿದರೆ ಆಯಿತು. ಗಂಡನ ಸಹಿ, ಅತ್ತೆಯ ಒಪ್ಪಿಗೆ, ತವರಿನವರ ಹಾಜರಿ ಕಾನೂನಿನಲ್ಲಿ ಎಲ್ಲೂ ಇಲ್ಲ. ನಮ್ಮ ಕಡೆ ಬಹಳ ಆಸ್ಪತ್ರೆಗಳಲ್ಲಿ ‘ಯಜಮಾನ್ರನ್ನ ಕರ್ಕೊಂಡು ಬನ್ನಿ’ ಅನ್ನುತ್ತಾರೆ. ಮುಂದೆ ಜಗಳ ಬಂದರೆ ಎಂಬ ಹೆದರಿಕೆಯಿಂದ ಅವರು ಹಾಗೆ ಕೇಳುವುದು. ಕಾನೂನಿನಲ್ಲಿ ಇಲ್ಲದ ಇಂಥ ಷರತ್ತು ಹಾಕಬಾರದು ಎಂದು 2022ರ ತೀರ್ಪಿನಲ್ಲೇ ಹೇಳಿದೆ. ಯಾರು ಬಂದರು, ಯಾಕೆ ಬಂದರು ಎಂಬುದನ್ನು ಕಾನೂನು ಅನುಮತಿಸಿದವರಿಗೆ ಬಿಟ್ಟು ಬೇರೆಯವರಿಗೆ ಹೇಳಿದರೆ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲು.

18ರ ಕೆಳಗಿನವರಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಜೊತೆಗೆ ಇನ್ನೊಂದು ಕಾನೂನು ಬರುತ್ತದೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ. ಹುಡುಗಿಗೆ 18 ಆಗಿಲ್ಲ ಎಂದು ಗೊತ್ತಾದ ಕೂಡಲೇ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ‘ಮದುವೆ ಆಗಿದೆ ಸಾರ್, ದೇವಸ್ಥಾನದಲ್ಲಿ ಮಾಡಿದ್ದೀವಿ’ ಅಂದರೂ ಅಷ್ಟೇ. 18 ತುಂಬದ ಹೆಂಡತಿ ಜೊತೆ ಸೇರುವುದೂ ಅತ್ಯಾಚಾರವೇ ಎಂದು 2017ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಈ ಪೊಲೀಸ್ ಭಯಕ್ಕೆ ಆಸ್ಪತ್ರೆಗೇ ಹೋಗದೆ ಮುಚ್ಚಿಡುವ ಮನೆಗಳಿವೆ. ಅದಕ್ಕೆಂದೇ 2022ರ ತೀರ್ಪಿನಲ್ಲಿ ಒಂದು ದಾರಿ ಮಾಡಿದ್ದಾರೆ: ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಡಾಕ್ಟರು ಪೊಲೀಸರಿಗೆ ಕೊಡುವ ವರದಿಯಲ್ಲಿ ಅವಳ ಹೆಸರು, ವಿಳಾಸ ಬರೆಯಬೇಕಿಲ್ಲ. ಇದು ತಿಳಿದವರು ಕಡಿಮೆ.

ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಮೂರು ಬಗೆಯ ಮಾತ್ರೆ

‘ಆ ಮಾತ್ರೆ’ ಎಂದು ಪಿಸುಗುಟ್ಟಿ ಕೇಳುವುದರಿಂದ ಆಗುವ ಅನಾಹುತ ದೊಡ್ಡದು. ಮೂರು ಬೇರೆ ಬೇರೆ ಮಾತ್ರೆಗಳಿವೆ. ಕೆಲಸವೂ ಬೇರೆ ಬೇರೆ.

ಮೊದಲನೆಯದು ಗರ್ಭ ನಿಲ್ಲದ ಹಾಗೆ ಮೊದಲೇ ನೋಡಿಕೊಳ್ಳುವ ಮಾತ್ರೆ. ಆಶಾ ಕಾರ್ಯಕರ್ತೆಯರು ಕೊಡುವ ಮಾಲಾ-ಎನ್ ದಿನಕ್ಕೊಂದು. ಛಾಯಾ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಇದರಲ್ಲಿ ಹಾರ್ಮೋನ್ ಇಲ್ಲ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲೇ ಕಂಡುಹಿಡಿದದ್ದು.

ಎರಡನೆಯದು ತುರ್ತು ಮಾತ್ರೆ, ಐ-ಪಿಲ್ ಅಂತ ಜಾಹೀರಾತಿನಲ್ಲಿ ನೋಡಿರುತ್ತೀರಿ. ಸೇರಿದ 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಇದು ಅಂಡ ಬಿಡುಗಡೆ ಆಗುವುದನ್ನು ಮುಂದಕ್ಕೆ ಹಾಕುತ್ತದೆ. ಅಂಡ ಸಿಗದಿದ್ದರೆ ಗರ್ಭ ನಿಲ್ಲುವುದಿಲ್ಲ. ಆಗಲೇ ನಿಂತ ಗರ್ಭವನ್ನು ಇದು ಏನೂ ಮಾಡಲಾರದು. ಅಂದರೆ ಇದು ಗರ್ಭಪಾತದ ಮಾತ್ರೆಯೇ ಅಲ್ಲ.

ಮೂರನೆಯದೇ ಗರ್ಭಪಾತದ ಮಾತ್ರೆ, ಅಂಗಡಿಯವರು ‘ಕಿಟ್’ ಅನ್ನುತ್ತಾರೆ. ಒಂದು ಮಿಫೆಪ್ರಿಸ್ಟೋನ್, ಅದು ಗರ್ಭ ಉಳಿಯಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನ್ ಕೆಲಸ ಮಾಡದ ಹಾಗೆ ತಡೆಯುತ್ತದೆ. ಆಮೇಲೆ ತೆಗೆದುಕೊಳ್ಳುವ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಹಿಂಡಿ ಹೊರಗೆ ಹಾಕಿಸುತ್ತದೆ. ಒಂಬತ್ತು ವಾರದವರೆಗೆ ಮಾತ್ರ ಇದಕ್ಕೆ ಅನುಮತಿ. ಮೊದಲು ಹೇಳಿದ ಒಂಬತ್ತು ಇದೇ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ.

ಆದರೂ ಮಾರುತ್ತಾರೆ ಅಲ್ವಾ? 2015ರಲ್ಲಿ ದೇಶದಲ್ಲಿ ಸುಮಾರು 1.56 ಕೋಟಿ ಗರ್ಭಪಾತ ಆಗಿವೆ ಎಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತ್ತು. ನೂರರಲ್ಲಿ 73 ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ ಆದವು. ಕಾನೂನು ಡಾಕ್ಟರ ಕೋಣೆಯ ಬಗ್ಗೆ ಬರೆದಿದೆ, ಜನ ಮೆಡಿಕಲ್ ಸ್ಟೋರಿನಲ್ಲಿದ್ದಾರೆ.

ಸರಿಯಾಗಿ ಬಳಸಿದರೆ ಈ ಮಾತ್ರೆ ಸುರಕ್ಷಿತ. ತೊಂದರೆ ಬರುವುದು ವಾರದ ಲೆಕ್ಕ ತಪ್ಪಿದಾಗ, ಅಥವಾ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದಾಗ. ನಾಳದಲ್ಲಿ ನಿಂತ ಗರ್ಭಕ್ಕೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ನಾಳ ಒಡೆದರೆ ಜೀವಕ್ಕೇ ಅಪಾಯ. ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋಗುತ್ತಿದ್ದರೆ, ಜ್ವರ ಬಂದರೆ, ತಲೆಸುತ್ತು ಬಂದು ಬಿದ್ದರೆ, ಹೊಟ್ಟೆಯ ಒಂದು ಕಡೆ ತಡೆಯಲಾರದ ನೋವು ಬಂದರೆ ಮಾತ್ರೆ ಎಲ್ಲಿ ತಗೊಂಡಿರಿ ಎಂದು ಬೈಸಿಕೊಳ್ಳುವ ಹೆದರಿಕೆ ಬಿಟ್ಟು ಆಸ್ಪತ್ರೆಗೆ ಹೋಗಬೇಕು.

1930: ಒಂದೇ ವರ್ಷ, ಮೂರು ದಾರಿ

ಈಗ ನಂಬಿಕೆಯ ಕಡೆಗೆ ಬರೋಣ. ಅದಕ್ಕೆ 1930 ಒಳ್ಳೆಯ ಜಾಗ.

ಆ ವರ್ಷದ ಜೂನ್‌ನಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ತೆರೆದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಮೊದಲನೆಯವು ಎಂದು ಇವನ್ನು ಹೇಳುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ತುಮಕೂರು, ಕೋಲಾರ ಎರಡೂ ಆಗ ಅದೇ ಸಂಸ್ಥಾನದ ಜಿಲ್ಲೆಗಳು. ಚಿಕ್ಕಬಳ್ಳಾಪುರ ಕೋಲಾರದೊಳಗೇ ಇತ್ತು.

ಅದೇ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಸೇರಿದ, ಪ್ರೊಟೆಸ್ಟೆಂಟರ ಆಂಗ್ಲಿಕನ್ ಪಂಗಡದ ಬಿಷಪ್ಪರ ಲ್ಯಾಂಬೆತ್ ಸಮ್ಮೇಳನ, ಕೆಲವು ಸಂದರ್ಭಗಳಲ್ಲಿ ಗರ್ಭನಿರೋಧಕ ಬಳಸಬಹುದು ಎಂದು ಮೊದಲ ಸಲ ಒಪ್ಪಿತು. ಡಿಸೆಂಬರ್ 31ಕ್ಕೆ ಕ್ಯಾಥೋಲಿಕ್ಕರ ಮುಖ್ಯಸ್ಥರಾದ ಪೋಪ್ ಹನ್ನೊಂದನೇ ಪಯಸ್, ಅದು ಪಾಪ ಎಂದು ಪತ್ರ ಹೊರಡಿಸಿದರು. 1968ರಲ್ಲಿ ಪೋಪ್ ಆರನೇ ಪಾಲ್ ಅದನ್ನೇ ಮತ್ತೆ ಗಟ್ಟಿ ಮಾಡಿದರು. ಕೆಜಿಎಫ್‌ನಲ್ಲಿ ಕ್ಯಾಥೋಲಿಕ್ ಚರ್ಚೂ ಇದೆ, ಪ್ರೊಟೆಸ್ಟೆಂಟ್ ಚರ್ಚೂ ಇದೆ. ಕ್ರಿಶ್ಚಿಯನ್ನರು ಹೀಗೆ ಹೇಳುತ್ತಾರೆ ಎಂದು ಒಂದೇ ಮಾತಿನಲ್ಲಿ ಮುಗಿಸಲು ಯಾಕೆ ಆಗುವುದಿಲ್ಲ ಎಂಬುದಕ್ಕೆ ಈ ಇತಿಹಾಸವೇ ಕಾರಣ. ಕ್ಯಾಥೋಲಿಕ್ ಬೋಧನೆಯಲ್ಲಿ ಗರ್ಭ ಕಟ್ಟಿದ ಕ್ಷಣದಿಂದ ಜೀವವನ್ನು ಪೂರ್ತಿ ಗೌರವಿಸಬೇಕು, ಪ್ರತಿ ಕೂಡುವಿಕೆಯೂ ಸೃಷ್ಟಿಗೆ ತೆರೆದಿರಬೇಕು. ಮುಟ್ಟಿನ ದಿನ ಲೆಕ್ಕ ಹಾಕಿ ದೂರ ಇರುವುದಕ್ಕೆ ಮಾತ್ರ ಒಪ್ಪಿಗೆ. ಪ್ರೊಟೆಸ್ಟೆಂಟರಲ್ಲಿ ಬಹಳಷ್ಟು ಸಭೆಗಳು ಗರ್ಭನಿರೋಧಕವನ್ನು ದಂಪತಿಗೆ ಬಿಟ್ಟಿವೆ. ಗರ್ಭಪಾತದ ಬಗ್ಗೆ ಒಂದೊಂದು ಸಭೆಯದು ಒಂದೊಂದು ನಿಲುವು.

ಗಾಂಧೀಜಿಯವರೂ ಈ ವಾದದಲ್ಲಿದ್ದರು. 1935ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗರ್ಭನಿರೋಧಕದ ಪರವಾಗಿ ಅವರ ಜೊತೆ ಚರ್ಚೆ ಮಾಡಿದರು. ಮಕ್ಕಳ ಸಂಖ್ಯೆ ಕಡಿಮೆಯಾಗಬೇಕು ಎನ್ನುವುದನ್ನು ಗಾಂಧೀಜಿ ಒಪ್ಪಿದರು. ದಾರಿ ಮಾತ್ರ ಸಂಯಮ ಒಂದೇ ಎಂದರು. ಅದಾಗಿ ಕೆಲವೇ ತಿಂಗಳಿಗೆ, 1936ರ ಮೇ ತಿಂಗಳಲ್ಲಿ, ಅವರು ನಮ್ಮ ನಂದಿ ಬೆಟ್ಟದಲ್ಲಿ ವಿಶ್ರಾಂತಿಗೆ ಬಂದಿದ್ದರು. ಅವರ ಮಾತು ಸಂಯಮದ್ದು, ಬೆಟ್ಟದ ಕೆಳಗಿನ ಸರ್ಕಾರದ್ದು ಕ್ಲಿನಿಕ್ಕಿನದ್ದು. ಎರಡೂ ಒಟ್ಟಿಗೆ ಇದ್ದವು.

ಜೀವ ಯಾವಾಗ ಬರುತ್ತದೆ?

ಎಲ್ಲ ಧರ್ಮದ ವಾದಗಳೂ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆ.

ಹಿಂದೂಗಳಲ್ಲಿ ಕೊನೆಯ ಮಾತು ಹೇಳುವ ಒಬ್ಬರು ಇಲ್ಲ. ಧರ್ಮಶಾಸ್ತ್ರಗಳು ಭ್ರೂಣಹತ್ಯೆಯನ್ನು ಮಹಾಪಾಪಗಳ ಸಾಲಿನಲ್ಲಿ ಇಡುತ್ತವೆ. ಚರಕ ಸಂಹಿತೆಯ ಪ್ರಕಾರ ಶುಕ್ರ (ಗಂಡಿನ ವೀರ್ಯ), ಶೋಣಿತ (ಹೆಣ್ಣಿನ ರಜಸ್ಸು), ಜೀವ ಮೂರೂ ಸೇರಿದಾಗಲೇ ಗರ್ಭ ಅನ್ನಿಸಿಕೊಳ್ಳುತ್ತದೆ, ಅಂದರೆ ಮೊದಲ ದಿನದಿಂದ ಜೀವ ಇದೆ. ಗರ್ಭೋಪನಿಷತ್ತು ಜೀವ ಸೇರುವುದು ಏಳನೇ ತಿಂಗಳಲ್ಲಿ ಎನ್ನುತ್ತದೆ. ಸುಶ್ರುತ ಸಂಹಿತೆ, ಹೊಟ್ಟೆಯಲ್ಲಿ ಸತ್ತ ಶಿಶುವನ್ನು ಒಂದು ಕ್ಷಣವೂ ತಡಮಾಡದೆ ತೆಗೆಯಬೇಕು, ಜೀವ ಇರುವುದನ್ನು ಶಸ್ತ್ರದಿಂದ ಸೀಳಬಾರದು ಎಂದು ವೈದ್ಯನಿಗೆ ಹೇಳುತ್ತದೆ. ಇನ್ನು ಮನೆಯ ರೂಢಿ ಬೇರೆಯೇ ಇದೆ. ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದು ಅನ್ನುವುದು ಯಾವ ಗ್ರಂಥ ಓದಿ ಬಂದದ್ದೂ ಅಲ್ಲ. ಗರ್ಭನಿರೋಧಕದ ಬಗ್ಗೆ ಹಿಂದೂಗಳಲ್ಲಿ ದೊಡ್ಡ ಧಾರ್ಮಿಕ ತಕರಾರು ಬಂದಿಲ್ಲ. ಗಂಡು ಮಗು ಆಗುವವರೆಗೆ ಆಪರೇಷನ್ ಬೇಡ ಎನ್ನುವ ತಕರಾರು ಇದೆ. ಅದನ್ನು ಧರ್ಮದ ಖಾತೆಗೆ ಹಾಕಬೇಕೋ ಮನೆಯ ಖಾತೆಗೋ, ನೀವೇ ನೋಡಿ.

ಜೈನರಲ್ಲಿ ಉತ್ತರ ನೇರವಾಗಿದೆ. ಗರ್ಭದಲ್ಲಿ ಮೊದಲಿನಿಂದಲೂ ಜೀವ ಇದೆ, ತೆಗೆಯುವುದು ಹಿಂಸೆ.

ಇಸ್ಲಾಂನಲ್ಲಿ ಭ್ರೂಣಕ್ಕೆ 120 ದಿನಕ್ಕೆ ಆತ್ಮ ಊದಲಾಗುತ್ತದೆ ಎಂದು ಹದೀಸಿನ, ಅಂದರೆ ಪ್ರವಾದಿಯವರ ಮಾತುಗಳ ಸಂಗ್ರಹದ, ಆಧಾರದ ಮೇಲೆ ಹೇಳುತ್ತಾರೆ. ಅದಾದ ಮೇಲೆ ತಾಯಿಯ ಪ್ರಾಣ ಉಳಿಸಲು ಬಿಟ್ಟರೆ ಬೇರೆ ಕಾರಣಕ್ಕೆ ತೆಗೆಯಬಾರದು ಎನ್ನುವುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯ ಇಲ್ಲ. ಅದಕ್ಕೆ ಮೊದಲು ಏನು ಎಂಬಲ್ಲಿ ಪಂಥಗಳು ಬೇರೆಯಾಗುತ್ತವೆ. ನಮ್ಮ ಕಡೆ ಹೆಚ್ಚು ಜನ ಅನುಸರಿಸುವ ಹನಫಿ ಪಂಥದ ಹಲವು ವಿದ್ವಾಂಸರು ಸರಿಯಾದ ಕಾರಣವಿದ್ದರೆ ಒಪ್ಪಿದ್ದಾರೆ. ಮಾಲಿಕಿ ಪಂಥ ಬಹಳ ಬಿಗಿ. ಗರ್ಭ ನಿಲ್ಲದ ಹಾಗೆ ಹಿಂದೆಗೆಯುವುದು ಪ್ರವಾದಿಯವರ ಕಾಲದಲ್ಲೂ ಇತ್ತು, ಅದನ್ನು ತಡೆಯಲಿಲ್ಲ ಎಂಬ ಆಧಾರದ ಮೇಲೆ ಮಾತ್ರೆ, ವಂಕಿ (ಕಾಪರ್-ಟಿ), ನಿರೋಧ್ ಇವನ್ನು ಬಹಳ ಉಲೇಮಾಗಳು (ಧರ್ಮ ವಿದ್ವಾಂಸರು) ಒಪ್ಪುತ್ತಾರೆ. ಶಾಶ್ವತವಾಗಿ ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ನಿಗೆ ಮಾತ್ರ, ಆರೋಗ್ಯದ ಅಗತ್ಯ ಇಲ್ಲದಿದ್ದರೆ, ಅಭ್ಯಂತರ ಇದೆ.

ಗರ್ಭನಿರೋಧಕದ ವಾದವೂ ಗರ್ಭಪಾತದ ವಾದವೂ ಯಾಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂಬುದೂ ಇಲ್ಲೇ ತಿಳಿಯುತ್ತದೆ. ಅಂಡ ಮತ್ತು ವೀರ್ಯಾಣು ಸೇರಿದ ಕ್ಷಣವೇ ಪೂರ್ತಿ ಜೀವ ಎಂದು ನಂಬಿದವರಿಗೆ, ಅದು ಗರ್ಭಕೋಶಕ್ಕೆ ಅಂಟದ ಹಾಗೆ ಮಾಡುವುದೂ ಕೊಲೆಯೇ. ಹಾಗಾಗಿ ತುರ್ತು ಮಾತ್ರೆ, ವಂಕಿ ಇವುಗಳ ಮೇಲೂ ಅನುಮಾನ. ವೈದ್ಯಶಾಸ್ತ್ರದಲ್ಲಿ ಗರ್ಭ ನಿಂತಿತು ಅನ್ನುವುದು ಅಂಟಿಕೊಂಡ ಮೇಲೆ. ವಂಕಿಯಲ್ಲಿರುವ ತಾಮ್ರದ ಮುಖ್ಯ ಕೆಲಸ ವೀರ್ಯಾಣುವನ್ನು ಕೆಡಿಸುವುದು. ಇಬ್ಬರೂ ಒಂದೇ ವಸ್ತು ನೋಡಿ ಜಗಳ ಆಡುತ್ತಿದ್ದಾರೆ, ಎಣಿಕೆ ಶುರು ಮಾಡುವ ಜಾಗ ಬೇರೆ.

ವಾದ ಈಗ ಎಲ್ಲಿದೆ?

ಅಮೆರಿಕದ ಹಾಗೆ ಇಲ್ಲಿ ಗರ್ಭಪಾತ ಚುನಾವಣೆಯ ವಿಷಯ ಆಗಿಲ್ಲ. 1971ರ ಕಾಯ್ದೆ ಬಂದಾಗ ಜನಸಂಖ್ಯೆಯ ಚಿಂತೆ ಎಲ್ಲರಿಗೂ ಇತ್ತು. ಐರ್ಲೆಂಡಿನ ಕಥೆ ಬೇರೆ. 2012ರ ಅಕ್ಟೋಬರ್‌ನಲ್ಲಿ ಅಲ್ಲಿನ ಗಾಲ್ವೆ ಆಸ್ಪತ್ರೆಯಲ್ಲಿ ನಮ್ಮ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಸತ್ತರು. 17 ವಾರದ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾಗಿತ್ತು. ತೆಗೆಯಿರಿ ಎಂದು ಕೇಳಿದರು. ಭ್ರೂಣದ ಹೃದಯ ಬಡಿಯುತ್ತಿದೆ ಎಂದು ತೆಗೆಯಲಿಲ್ಲ. ನಂಜೇರಿ ಪ್ರಾಣ ಹೋಯಿತು. ಆ ಸಾವು ಎಬ್ಬಿಸಿದ ಅಲೆ 2018ರ ಮೇ 25ರ ಜನಮತಗಣನೆಯವರೆಗೆ ಹೋಯಿತು. ಶೇ 66.4 ಜನ ಹಳೆಯ ನಿಷೇಧ ತೆಗೆಯಲು ಮತ ಹಾಕಿದರು.

ನಮ್ಮಲ್ಲಿ ಕಷ್ಟದ ಪ್ರಶ್ನೆಗಳು ಕೋರ್ಟಿನಲ್ಲಿ ಬರುತ್ತವೆ. 2023ರ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ತಾಯಿಯೊಬ್ಬರು 26 ವಾರದ ಗರ್ಭ ತೆಗೆಸಲು ಕೇಳಿದರು. ಹೆರಿಗೆಯ ನಂತರದ ಮಾನಸಿಕ ಕಾಯಿಲೆಗೆ ಅವರು ಔಷಧಿ ತೆಗೆದುಕೊಳ್ಳುತ್ತಿದ್ದರು. ಮೊದಲು ಸುಪ್ರೀಂ ಕೋರ್ಟು ಅನುಮತಿ ಕೊಟ್ಟಿತು. ಮಗು ಬದುಕುವ ಸಾಧ್ಯತೆ ಇದೆ, ಏನು ಮಾಡಲಿ ಎಂದು ಏಮ್ಸ್ ವೈದ್ಯರು ಕೇಳಿದರು. ನ್ಯಾಯಮೂರ್ತಿ ಹಿಮಾ ಕೊಹ್ಲಿ ಬೇಡ ಎಂದರು. ಹೆಂಗಸಿನ ತೀರ್ಮಾನವೇ ದೊಡ್ಡದು ಎಂದರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅಕ್ಟೋಬರ್ 16ರಂದು ಮೂವರ ಪೀಠ, 24 ವಾರ ದಾಟಿದೆ, ಭ್ರೂಣದಲ್ಲಿ ದೋಷ ಇಲ್ಲ, ತಾಯಿಯ ಪ್ರಾಣಕ್ಕೂ ತಕ್ಷಣದ ಅಪಾಯ ಇಲ್ಲ ಎಂದು ನಿರಾಕರಿಸಿತು.

ಕಾನೂನು ಸಾಲದು, ಡಾಕ್ಟರ ಅನುಮತಿಯ ಬದಲು ಹೆಂಗಸಿನ ಹಕ್ಕು ಎಂದೇ ಬರೆಯಬೇಕು ಅನ್ನುವವರಿದ್ದಾರೆ. ಕಾನೂನು ಜಾಸ್ತಿ ಸಡಿಲವಾಯಿತು ಅನ್ನುವವರೂ ಇದ್ದಾರೆ. ದೋಷ ಇರುವ ಭ್ರೂಣಕ್ಕೆ ವಾರದ ಮಿತಿ ಇಲ್ಲ ಅಂದರೆ ಅಂಗವಿಕಲರ ಬದುಕಿಗೆ ಬೆಲೆ ಕಡಿಮೆ ಅಂದ ಹಾಗಲ್ಲವೇ ಎಂದು ಕೆಲವು ಅಂಗವಿಕಲ ಹೋರಾಟಗಾರರು ಕೇಳುತ್ತಾರೆ. ಈ ಮೂರನೆಯ ಪ್ರಶ್ನೆಗೆ ಮೊದಲ ಎರಡು ಗುಂಪಿನವರ ಹತ್ತಿರವೂ ಸುಲಭದ ಉತ್ತರ ಇಲ್ಲ.

ನಂಬಿಕೆಯ ಕಾರಣಕ್ಕೆ ಮಾಡುವುದಿಲ್ಲ ಎಂದು ಡಾಕ್ಟರು ಹೇಳಬಹುದೇ? ಬ್ರಿಟನ್ನಿನ 1967ರ ಕಾಯ್ದೆಯಲ್ಲಿ ಅದಕ್ಕೆ ಸ್ಪಷ್ಟ ಅವಕಾಶ ಇದೆ. ನಮ್ಮ ಎಂಟಿಪಿ ಕಾಯ್ದೆಯಲ್ಲಿ ಅಂಥ ಸಾಲು ಇಲ್ಲ.

ಆಪರೇಷನ್ ಅಂದರೆ ಹೆಂಗಸರದ್ದೇ ಯಾಕೆ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಗಂಡಸರದ್ದು ಹೊಲಿಗೆ ಇಲ್ಲದ, ಕೆಲವೇ ನಿಮಿಷದ ಕೆಲಸ, ಅದೇ ದಿನ ಮನೆಗೆ ಬರಬಹುದು. 1976–77ರ ತುರ್ತು ಪರಿಸ್ಥಿತಿಯಲ್ಲಿ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಮಾಡಿದರು, ಎಷ್ಟೋ ಕಡೆ ಬಲವಂತವಾಗಿ. ಆ ಹೆದರಿಕೆ ಇನ್ನೂ ಹೋಗಿಲ್ಲ. ಶಕ್ತಿ ಹೋಗುತ್ತದೆ ಎಂಬ ಸುಳ್ಳೂ ಹೋಗಿಲ್ಲ. ಮಧ್ಯದಲ್ಲಿ ಬೇಕಾದ ಸಾಧನಗಳಿವೆ: ಐದು ಅಥವಾ ಹತ್ತು ವರ್ಷದ ವಂಕಿ, ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಇವಕ್ಕೆ ದುಡ್ಡಿಲ್ಲ.

ಎಲ್ಲಿಗೆ ಹೋಗಬೇಕು?

ತುಮಕೂರು, ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆ, ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ, ತರಬೇತಿ ಪಡೆದ ಡಾಕ್ಟರು ಇರುವ ತಾಲ್ಲೂಕು ಆಸ್ಪತ್ರೆ. ಖಾಸಗಿ ಆಸ್ಪತ್ರೆಗೆ ಜಿಲ್ಲಾ ಸಮಿತಿಯ ಅನುಮತಿ ಬೇಕು. ಅನುಮತಿ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿರಬೇಕು, ಅದನ್ನು ನೋಡಿ ಒಳಗೆ ಹೋಗಿ. ಅರ್ಹತೆ ಇಲ್ಲದವರು ಮಾಡಿದರೆ ಎರಡರಿಂದ ಏಳು ವರ್ಷ ಜೈಲು. ಪಾವಗಡದವರು, ಗೌರಿಬಿದನೂರಿನವರು ಹಿಂದೂಪುರಕ್ಕೆ ಹೋಗುವುದೂ ಉಂಟು. ಗಡಿ ದಾಟಿದರೆ ಕಾನೂನು ಸಡಿಲ ಅನ್ನುವುದು ಸುಳ್ಳು. ಎಂಟಿಪಿ, ಪಿಸಿಪಿಎನ್‌ಡಿಟಿ ಎರಡೂ ಕೇಂದ್ರದ ಕಾಯ್ದೆಗಳು. ಫೋನಿನಲ್ಲಿ ಕೇಳಬೇಕಾದರೆ ಆರೋಗ್ಯ ಸಹಾಯವಾಣಿ 104, ಹುಡುಗಿ ಚಿಕ್ಕವಳಾದರೆ ಮಕ್ಕಳ ಸಹಾಯವಾಣಿ 1098.

ನರಸಾಪುರ, ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಗರ್ಭ ತಾನಾಗಿ ಹೋದರೂ, ಕಾನೂನಿನ ಪ್ರಕಾರ ತೆಗೆಸಿದರೂ, ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಆರು ವಾರ ಸಂಬಳದ ರಜೆ ಇದೆ. ಇಎಸ್‌ಐನಲ್ಲಿ (ಕಾರ್ಮಿಕರ ಸರ್ಕಾರಿ ವಿಮೆ) ಚಂದಾ ಕಟ್ಟಿದ ದಿನಗಳ ಲೆಕ್ಕ ಸರಿ ಇದ್ದರೆ ಅಲ್ಲಿಂದಲೇ ಹಣ ಬರುತ್ತದೆ. ಡಾಕ್ಟರ ಸರ್ಟಿಫಿಕೇಟ್ ಬೇಕಾಗುತ್ತದೆ. ಡಿಸ್ಚಾರ್ಜ್ ಆಗುವಾಗಲೇ ಕೇಳಿ ಬರೆಸಿಕೊಳ್ಳಿ.